ಗದ್ವಾಲದಿಂದ ತಂದ ಜಗತ್ತಿನ ಇತಿಹಾಸ

ಪ್ರಿಯಂವದೆಗೆ ತಲೆ ಕೆಟ್ಟಿದೆ ಅಂತ ಮಕ್ತಲದಲ್ಲಿ ಹೇಳುವವರು ಬಹಳ ಮಂದಿ. ಗುಡಿ ಪೂಜೆಯ ಗುರುರಾಜನ ಹೆಂಡತಿ ಇಬ್ಬರು ಮಕ್ಕಳನ್ನೂ ಶಾಲೆಗೆ ಕಳಿಸದೆ ಪಡಸಾಲೆಯಲ್ಲೇ ಕೂರಿಸಿಕೊಂಡು ಓದಿಸಿದರೆ ಊರು ಬಾಯಿ ಮುಚ್ಚಿಕೊಂಡು ಇರುತ್ತದೆಯೇ? ಕೊರೊನಾ ಕಾಲದಲ್ಲಿ ಎಲ್ಲರ ಮಕ್ಕಳೂ ಮನೆಯಲ್ಲೇ ಓದಿದರು. ಶಾಲೆ ತೆರೆದಾಗ ಎಲ್ಲರೂ ಕಳಿಸಿದರು, ಈಕೆ ಕಳಿಸಲಿಲ್ಲ. ರಾಯಚೂರಿನಲ್ಲಿ ಇತಿಹಾಸ ಓದಿ ಬಿ.ಎ. ಮುಗಿಸಿದವಳು, ಮದುವೆಯಾದ ಮೇಲೆ ಆ ಓದನ್ನು ಸಂಡಿಗೆ ಡಬ್ಬಿಯ ಹಿಂದೆ ಇಟ್ಟು ಮರೆತಿದ್ದಳು. ಮಕ್ಕಳ ಮುಂದೆ ಪುಸ್ತಕ ತೆರೆದು ಕೂತ ದಿನ ಅದೆಲ್ಲ ಒಮ್ಮೆಲೇ ನೆನಪಿಗೆ ಬಂತು. ಈಗ ಅಭಿರಾಮನಿಗೆ ಹನ್ನೆರಡು, ಮಾಧವಿಗೆ ಹತ್ತು. ಓಪನ್ ಸ್ಕೂಲಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವವರೆಗೂ ಇಬ್ಬರನ್ನೂ ತಾನೇ ಓದಿಸಬೇಕು, ಅದೊಂದೇ ಆಕೆಯ ಆಸೆ. ಗುರುರಾಜ ಒಪ್ಪಿದ್ದ. ಒಪ್ಪಿದ್ದಾನೆ ಅಂತ ಆಕೆ ನಂಬಿದ್ದಳು, ಪಾಪ.

ಪುಸ್ತಕದ ಹುಡುಕಾಟ ಶುರುವಾದದ್ದು ಮಾಧವಿಯಿಂದ. ನಾರಾಯಣಪೇಟೆಯಲ್ಲಿ ಮಗ್ಗಗಳ ಓಣಿ ದಾಟುವಾಗ ಆ ಹುಡುಗಿ ನಿಂತೇಬಿಟ್ಟಳು. "ಅಮ್ಮಾ, ಇಂಗ್ಲೆಂಡಿನಾಗ ನೇಯೋ ಮಷೀನು ಬಂತು ಅಂತ ಹೇಳಿದ್ಯಲ್ಲ, ಆಗ ಕೈಲೆ ನೇಯೋ ಮಂದಿ ಏನ್ ಮಾಡಿದ್ರು?" ಪ್ರಿಯಂವದಾ ತನ್ನ ಬಿ.ಎ. ಪಾಠ ನೆನೆಸಿಕೊಂಡಳು. ಪರೀಕ್ಷೆಗೆ ಓದಿದ್ದ ಐದು ಕಾರಣ, ಆರು ಪರಿಣಾಮಗಳಲ್ಲಿ ನೇಕಾರ ಎಲ್ಲೂ ಇರಲಿಲ್ಲ. ಅವತ್ತೇ ತೀರ್ಮಾನ ಮಾಡಿದಳು: ಯಾವ ಜಗತ್ತಿನ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ಇದೆಯೋ ಅದೇ ತನ್ನ ಮನೆಗೆ ಬರಬೇಕು.

ಹೇಳುವುದು ಸುಲಭ! ಮಕ್ತಲದ ಅಂಗಡಿಯಲ್ಲಿ ಗೈಡು ಬಿಟ್ಟರೆ ಬೇರೇನೂ ಇಲ್ಲ. ನಾರಾಯಣಪೇಟೆಯಲ್ಲಿ ಮೂರು ಪುಸ್ತಕ ಸಿಕ್ಕವು. ಒಂದರ ತುಂಬ ರಾಜರು, ಇನ್ನೊಂದರ ತುಂಬ ಬಣ್ಣದ ಚಿತ್ರ, ಮೂರನೆಯದು ಬರೀ ಇಸವಿ. ಕಾರ್ಖಾನೆಯ ಹೊಗೆ ಮೂರರಲ್ಲೂ ಇತ್ತು, ನೇಯ್ದವನ ಸುದ್ದಿ ಒಂದರಲ್ಲೂ ಇರಲಿಲ್ಲ. ಸಪ್ಪೆ ಮುಖ ಹಾಕಿಕೊಂಡು ಬಂದ ಹೆಂಡತಿಗೆ ಗುರುರಾಜನೇ ಧೈರ್ಯ ಹೇಳಿದ.

"ಅವಸರ ಮಾಡಬ್ಯಾಡ. ನಾಕು ವರ್ಷ ಓದಿಸೋ ಪುಸ್ತಕ ಅದು, ಕಾಯಿಪಲ್ಯ ಅಲ್ಲ. ಗದ್ವಾಲದಾಗ ಹಳೇ ಪುಸ್ತಕದ ಅಂಗಡಿ ಅದ. ಗುರುವಾರ ಹೋಗಿ ಬಾ. ಮಕ್ಕಳನ್ನ ನಾ ನೋಡ್ಕೋತೀನಿ."

ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಅಂತ ಆಕೆಯ ಕಣ್ಣು ತುಂಬಿತು. ಹುಚ್ಚಿ!

ಗುರುವಾರ ಬೆಳಗಿನ ಬಸ್ಸು ಹಿಡಿದು, ಕೃಷ್ಣೆ ದಾಟಿ ಗದ್ವಾಲಕ್ಕೆ ಹೋದಳು. ಅಂಗಡಿಯ ಶ್ರೀರಾಮುಲು ಒಂದು ಸ್ಟೂಲು ಕೊಟ್ಟು, ಎರಡು ಪುಸ್ತಕ ತೆಗೆದು ಮುಂದಿಟ್ಟ. ಒಂದು ಇಂಗ್ಲಿಷಿನದು, ಹೊಸದು, ಹಾಳೆ ಫಳಫಳ. ಇನ್ನೊಂದು ರಾಯಚೂರಿನ ಯಾರದೋ ಮನೆಯಿಂದ ಬಂದ ದಪ್ಪನೆಯ ಕನ್ನಡ ಪುಸ್ತಕ, ಬೆನ್ನು ಕಿತ್ತುಹೋಗಿತ್ತು. ಪ್ರಿಯಂವದಾ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಧ್ಯಾಯ ತಾಳೆ ನೋಡಿದಳು. ಹನ್ನೊಂದು ಗಂಟೆಯ ಸುಮಾರಿಗೆ ಕನ್ನಡ ಪುಸ್ತಕದಲ್ಲಿ ಆ ಪುಟ ಸಿಕ್ಕಿತು. ಬಂಗಾಳದ ನೇಕಾರರ ಮಗ್ಗ ನಿಂತದ್ದು ಇತ್ತು. ಇಂಗ್ಲೆಂಡಿನ ಕೈಮಗ್ಗದವರೂ ಹಸಿದು, ರೊಚ್ಚಿಗೆದ್ದು ಯಂತ್ರ ಒಡೆದದ್ದೂ ಇತ್ತು. "ಸಿಕ್ತು!" ಅಂತ ಆಕೆ ಕೂಗಿದ್ದಕ್ಕೆ ಶ್ರೀರಾಮುಲು ಬೆಚ್ಚಿಬಿದ್ದ.

"ಆದ್ರ ಅಮ್ಮಾ, ನಕ್ಷೆ ಹಳೇವು ಅದಾವ ನೋಡ್ರಿ. ಇದರಾಗ ರಷ್ಯಾ ಇನ್ನಾ ಒಡದಿಲ್ಲ."

"ಅದನ್ನ ನಾ ಮನಿಗೆ ಹೋಗಿ ಒಡೀತೀನಿ, ಕೊಡ್ರಿ."

ಬಸ್ಸಿನಲ್ಲೇ ಮೊದಲ ಪುಟದಲ್ಲಿ ಎರಡು ಹೆಸರು ಬರೆದಳು, ಅಭಿರಾಮ, ಮಾಧವಿ. ಗಾಡಿ ಕುಲುಕಿ ಅಕ್ಷರ ಸೊಟ್ಟಗಾದವು. ಮನೆಗೆ ಬಂದರೆ ಗಂಡ ಅನ್ನ ಮಾಡಿಟ್ಟಿದ್ದ! ಪುಸ್ತಕ ಕೈಗೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, "ಚಲೋ ಆತು" ಅಂದ. ಅಭಿರಾಮ ಮಾತ್ರ ಪುಸ್ತಕದ ಹತ್ತಿರ ಸುಳಿಯಲಿಲ್ಲ.

ಮರುದಿನ ಪಾಠಕ್ಕೆ ಕೂತರೆ ಅವನ ಇತಿಹಾಸದ ನೋಟ್‌ಬುಕ್ಕು ಇಲ್ಲ. ಜಗತ್ತಿನ ನಕ್ಷೆಯನ್ನು ಕೈಯಲ್ಲೇ ಬರೆದು ಬಣ್ಣ ತುಂಬಿದ ನೋಟ್‌ಬುಕ್ಕು ಅದು. "ಎಲ್ಲೋ ಇರಬೇಕು" ಅಂತ ಹುಡುಗ ನೆಲ ನೋಡಿದ. ಅವತ್ತು ಶುಕ್ರವಾರ. ಸಂಜೆ ಪ್ರಿಯಂವದಾ ತೆಂಕಣ ಓಣಿಯ ಕಾಶೀಬಾಯಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಳು. ಕಾಶೀಬಾಯಿ ಗುರುರಾಜನ ಚಿಕ್ಕಮ್ಮ, ಬಾಯಲ್ಲಿ ಗುಟ್ಟು ನಿಲ್ಲದ ಹೆಂಗಸು. ದೇವರ ಕೋಣೆಯ ಮೂಲೆಯಲ್ಲಿ ಒಂದು ಗಂಟು ಇತ್ತು. ಗಂಟಿನ ಬಟ್ಟೆ ಅಭಿರಾಮನ ನೀಲಿ ಅಂಗಿ. ತುದಿಗೆ ಅಕ್ಕಿ, ಅರಿಶಿನ ಕೊಂಬು ಕಟ್ಟಿತ್ತು. ಅಂಗಿಯ ಸಂದಿನಲ್ಲಿ ನೋಟ್‌ಬುಕ್ಕಿನ ಅಂಚು ಕಾಣುತ್ತಿತ್ತು.

ಆಚಾರದ ಮನೆಯಲ್ಲಿ ಹುಟ್ಟಿದವಳಿಗೆ ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಪ್ರಸ್ಥಾನ. ಹೊರಡುವ ದಿನ ಮುಹೂರ್ತ ಇಲ್ಲದಿದ್ದರೆ, ಮುಹೂರ್ತ ಇದ್ದ ದಿನವೇ ಹೋಗುವವನ ಬಟ್ಟೆಯನ್ನು ಅವನು ಹೋಗುವ ದಿಕ್ಕಿನ ಬೇರೆ ಮನೆಯಲ್ಲಿ ಇಡುತ್ತಾರೆ. ಇಟ್ಟರೆ ಹೊರಟಂತೆಯೇ ಲೆಕ್ಕ. ಅದನ್ನು ತಿರುಗಿ ಮನೆಗೆ ತರುವ ಹಾಗಿಲ್ಲ, ತಂದರೆ ಹೋಗುವವನಿಗೆ ಕೇಡು.

"ಯಾರು ಇಟ್ಟದ್ದು ಕಾಕು, ಇದು?"

"ಗುರು ನಿನ್ನೆ ಬಂದು ಇಟ್ಟನಲ್ಲ! ಸೋಮವಾರ ಅಭಿ ರಾಯಚೂರ ಹಾಸ್ಟೆಲ್ಲಿಗೆ ಹೊರಡ್ತಾನ, ಸಾಲಿಗೆ ಹೆಸರು ಹಚ್ಚಿ ತಿಂಗಳಾತು ಅಂದ. ಯಾಕ, ನಿನಗ ಗೊತ್ತಿಲ್ಲೇನು?"

ಮನೆಗೆ ಹೇಗೆ ಬಂದಳೋ ಆಕೆಗೇ ಗೊತ್ತಿಲ್ಲ. ಗುರುರಾಜ ಮರುದಿನದ ಪೂಜೆಗೆ ಹೂಬತ್ತಿ ಹೊಸೆಯುತ್ತ ಕೂತಿದ್ದ.

"ನಿನ್ನೆ ಎಷ್ಟೊತ್ತಿಗೆ ಇಟ್ರಿ?"

ಅವನಿಗೆ ತಿಳಿಯಿತು. "ಹನ್ನೊಂದಕ್ಕ ಮುಹೂರ್ತ ಇತ್ತು. ಗಂಡು ಹುಡುಗ, ಮನಿಯಾಗ ಕೂತ್ರ ಮಂದಿ ಏನಂತಾರ? ನಿನಗ ಹೇಳಿದ್ರ ಅತ್ತು ರಂಪ ಮಾಡ್ತಿದ್ದಿ. ಮಾಧವಿ ಇರ್ತಾಳಲ್ಲ ನಿನ್ನ ಹತ್ರ."

"ಮತ್ತ ನನ್ನ ಗದ್ವಾಲಕ್ಕ ಯಾಕ ಕಳಿಸಿದ್ರಿ?"

"ಆ ಹೊತ್ತಿನಾಗ ನೀ ಮನಿಯಾಗ ಇರಬಾರದಿತ್ತು."

ಹನ್ನೊಂದಕ್ಕೆ! ತಾನು ಸ್ಟೂಲಿನ ಮೇಲೆ ಕೂತು "ಸಿಕ್ತು" ಅಂತ ಕೂಗಿದ ಹೊತ್ತಿಗೆ ಇವನು ಗಂಟು ಹೊತ್ತು ಓಣಿ ದಾಟಿದ್ದ. ಅಭಿರಾಮನ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತೇನೋ?" ಹುಡುಗ ಅಳುತ್ತ, "ಅಪ್ಪ ಹೇಳಬ್ಯಾಡ ಅಂದಿದ್ರು" ಅಂದ. ಗಂಡ ಮಾಡಿದ ಮೋಸಕ್ಕಿಂತ ಆ ಮಾತು ಹೆಚ್ಚು ನೋಯಿಸಿತು.

ಕಾಶೀಬಾಯಿಯ ಮನೆಗೆ ನುಗ್ಗಿ ಗಂಟು ಎತ್ತಿಕೊಂಡು ಬರಬಹುದಿತ್ತು. ಆದರೆ ನಾಳೆ ಮಗನಿಗೆ ಏನಾದರೂ ಆದರೆ? ಆಕೆ ಅದನ್ನು ಮುಟ್ಟುವುದಿಲ್ಲ ಅಂತ ಗುರುರಾಜನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಇಟ್ಟಿದ್ದ. ಮೇಲೆ ಸಮಾಧಾನ ಬೇರೆ ಹೇಳಿದ, "ಆ ಪುಸ್ತಕನೂ ಅಭಿ ಜೋಡಿ ಕಳಿಸು, ಹಾಸ್ಟೆಲ್ಲಿನಾಗ ಉಪಯೋಗ ಆಗ್ತದ."

ಪ್ರಿಯಂವದಾ ಪುಸ್ತಕವನ್ನು ಎದೆಗೆ ಹಿಡಿದುಕೊಂಡಳು. "ಊರ ಮಂದಿಗೆಲ್ಲಾ ಗಳಿಗಿ ನೋಡಿ ಹೇಳ್ತೀರಿ. ಮಗನ ಅಂಗಿಗೆ ಮುಹೂರ್ತ ಸಿಕ್ತು ನಿಮಗ. ನನಗೊಂದು ಮಾತು ಹೇಳಲಿಕ್ಕೆ ಇಡೀ ಪಂಚಾಂಗದಾಗ ಒಂದು ಗಳಿಗಿ ಸಿಗಲಿಲ್ಲೇನ್ರಿ?"

ಗುರುರಾಜ ಹೊಸೆದ ಬತ್ತಿಗಳನ್ನು ಬಟ್ಟಲಿಗೆ ತುಂಬಿಕೊಂಡು ಎದ್ದು ಒಳಗೆ ಹೋದ.

ಸೋಮವಾರ ಆಕೆ ಮಗನ ತಲೆಗೆ ಎಣ್ಣೆ ಹಚ್ಚಿ, ಮೊಸರನ್ನದ ಡಬ್ಬಿ ಕಟ್ಟಿಕೊಟ್ಟಳು. ಅವನು ಕಾಶೀಬಾಯಿಯ ಮನೆಯಿಂದ ಗಂಟು ಎತ್ತಿಕೊಂಡು ಅಪ್ಪನ ಜೊತೆ ರಾಯಚೂರ ಬಸ್ಸು ಹತ್ತಿದ. ಆಕೆ ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಪಡಸಾಲೆಯಲ್ಲಿ ಮಾಧವಿಯನ್ನು ಕೂರಿಸಿಕೊಂಡು ನೇಕಾರರ ಪುಟ ಓದಿಸಿದಳು. ರಷ್ಯಾವನ್ನು ಪೆನ್ಸಿಲಿನಲ್ಲಿ ಒಡೆದದ್ದೂ ಅವತ್ತೇ.

ಅಂದಿನಿಂದ ಪ್ರಿಯಂವದಾ ಗುಡಿಗೆ ಹೋಗಲಿ, ಸಂತೆಗೆ ಹೋಗಲಿ, ಹಿತ್ತಲ ಬಾವಿಗೇ ಹೋಗಲಿ, ಮಾಧವಿಯನ್ನು ಕರೆದುಕೊಂಡೇ ಹೋಗುತ್ತಾಳೆ. "ಹುಡುಗಿಯನ್ನ ಬಿಟ್ಟು ಹೋಗು, ನಾ ನೋಡ್ಕೋತೀನಿ" ಅಂತ ಗುರುರಾಜ ಈಗಲೂ ಹೇಳುತ್ತಾನೆ. ಆಕೆ ಕೇಳದವಳಂತೆ ಮಗಳ ಚಪ್ಪಲಿ ತಂದು ಮುಂದಿಡುತ್ತಾಳೆ.