ಬೂಟು ಒರೆಸಿಕೊಂಡ ಸಿಪಾಯಿ

ಇಸ್ತ್ರಿ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಗರಿಗರಿ. ಅವನ ಕೈಯಿಂದ ಹೊರಬಿದ್ದ ಅಂಗಿಯನ್ನು ಗೋಡೆಗೆ ಒರಗಿಸಿದರೆ ತಾನಾಗಿ ನಿಲ್ಲುತ್ತದೆ ಎಂಬ ಮಾತಿತ್ತು. ಮುಖಕ್ಕೂ ಸ್ವಭಾವಕ್ಕೂ ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ. ಕಂಬಳಿಹುಳುವಿನಂಥ ಹುಬ್ಬು, ಸುತ್ತಿಗೆಯಂಥ ದವಡೆ, ಕೆನ್ನೆಯ ಮೇಲೊಂದು ಉದ್ದನೆಯ ಗಾಯದ ಗುರುತು. ಗಾಯ ಮಾಡಿದ್ದು ರೌಡಿಯಲ್ಲ, ಅತ್ತೆಯ ಬೆಕ್ಕು. ಎದುರಿಗೆ ಬಂದವರು ಹೆದರಿ ಪಕ್ಕಕ್ಕೆ ಸರಿಯುವಷ್ಟರಲ್ಲಿ ಅವನೇ ಹೆದರಿ ಸರಿದು ಚರಂಡಿಗೆ ಕಾಲಿಟ್ಟಿರುತ್ತಿದ್ದ. ಜಿರಳೆ ಕಂಡರೆ ಹೆಂಡತಿಯನ್ನು ಕೂಗುವ, ಗುಂಡಿ ಕಿತ್ತುಬಂದರೆ ಅಂಗಿಗೇ "ಸಾರಿ" ಎನ್ನುವ ಜೀವ.

ಒಂದು ಸಲ ಊರಾಚೆಯ ಹಳೇ ಗೋದಾಮಿನಲ್ಲಿ ಯುದ್ಧದ ಸಿನಿಮಾ ತೆಗೆಯುವವರು ಬಂದು ಬೀಡುಬಿಟ್ಟರು. ಸಿಪಾಯಿಗಳ ಬಟ್ಟೆಯ ಗಂಟು ಗರಿಗರಿಯ ಅಂಗಡಿಗೆ ಬಂತು. ಇವನು ಊಟ ಬಿಟ್ಟು ಒಂದೊಂದು ಪ್ಯಾಂಟಿಗೂ ಹಣ್ಣು ಹೆಚ್ಚಬಹುದಾದಂಥ ಗೆರೆ ಕೂರಿಸಿ ತಾನೇ ಹೊತ್ತೊಯ್ದ. ನಿರ್ದೇಶಕ ತಲೆ ಚಚ್ಚಿಕೊಂಡ.

"ಏನಯ್ಯಾ ಇದು! ಇವರು ಯುದ್ಧದಿಂದ ಬರ್ತಿದ್ದಾರೋ, ಮದುವೆಗೆ ಹೊರಟಿದ್ದಾರೋ? ಮಣ್ಣು, ರಕ್ತ, ಕೊಳೆ ಬೇಕು ನನಗೆ!"

"ಕೊಳೆ ಮಾಡೋಕೆ ನನಗೆ ಬರಲ್ಲ ಸಾರ್," ಎಂದು ಗರಿಗರಿ ಕಣ್ಣಲ್ಲಿ ನೀರು ತಂದುಕೊಂಡ.

ಆಗ ನಿರ್ದೇಶಕ ಆ ಮುಖವನ್ನು ಸರಿಯಾಗಿ ನೋಡಿದ. ಸುತ್ತ ಒಂದು ಪ್ರದಕ್ಷಿಣೆ ಬಂದ. "ಈ ಮುಖ ಇಟ್ಕೊಂಡು ಇಸ್ತ್ರಿ ಮಾಡ್ತೀಯಾ? ಒಳ್ಳೆಯವರು ಯುದ್ಧಕ್ಕೆ ಹೋಗಿ ಹೆಂಗೆ ಕೆಟ್ಟುಹೋಗ್ತಾರೆ ಅನ್ನೋದೇ ನಮ್ಮ ಕಥೆ. ಮೊದಲು ಮನುಷ್ಯರು, ಕೊನೆಗೆ ಬರೀ ಬೂಟು. ಹಾಕ್ಕೋ ಬಟ್ಟೆ!"

ದೃಶ್ಯ ಬಲು ಸುಲಭದ್ದು. ಸಿಪಾಯಿ ಬಾಗಿಲು ಒದ್ದು ಒಳನುಗ್ಗಬೇಕು, ಮೂಲೆಯಲ್ಲಿ ನಡುಗುತ್ತಿರುವ ಮುದುಕಿಯ ಕಂಬಳಿ ಕಿತ್ತುಕೊಂಡು ಹೋಗಬೇಕು. ಮಾತೇ ಇಲ್ಲ.

ಗರಿಗರಿ ಬಾಗಿಲು ತಟ್ಟಿ, "ಯಾರಾದ್ರೂ ಇದ್ದೀರಾ?" ಎಂದ.

"ಕಟ್!"

ಎರಡನೇ ಸಲ ಒದ್ದ. ಒದ್ದು, ಹೊಸಿಲ ಬಳಿ ನಿಂತು, ಗೋಣಿಚೀಲಕ್ಕೆ ಬೂಟು ಒರೆಸಿಕೊಂಡು ಒಳಬಂದ. ಮತ್ತೊಂದು ಸಲ ಕಂಬಳಿಯನ್ನೇನೋ ಕಿತ್ತುಕೊಂಡ, ಆದರೆ ಕೈ ಸುಮ್ಮನಿರಬೇಕಲ್ಲ, ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಿಸಿ ಮುದುಕಿಯ ಪಕ್ಕದಲ್ಲೇ ಇಟ್ಟ. ನಿರ್ದೇಶಕ ಟೋಪಿ ಕಿತ್ತು ನೆಲಕ್ಕೆ ಬಡಿದ.

ಮುದುಕಿ ಪಳಗಿದ ಕೈ. ಯುದ್ಧದ ಸಿನಿಮಾ ಎಂದರೆ ಸಾಯುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ಬಾಂಬಿಗೆ, ಹಸಿವಿಗೆ, ಚಳಿಗೆ, ಒಂದು ಸಲ ದೋಣಿ ಮಗುಚಿ ಕೂಡ ಸತ್ತಿದ್ದಳು. ಅವಳು ಇವನನ್ನು ಹತ್ತಿರ ಕರೆದಳು.

"ಯಾಕಪ್ಪಾ ಒದ್ದಾಡ್ತೀಯಾ? ನನ್ನ ಮುಖ ನೋಡ್ತೀಯಲ್ಲ, ಅದೇ ತಪ್ಪು. ಕಂಬಳಿ ಒಂದನ್ನೇ ನೋಡು. ಕೆಳಗೆ ಯಾರೂ ಇಲ್ಲ ಅಂದ್ಕೋ. ಆಮೇಲೆ ನೋಡು, ಎಷ್ಟು ಸಲೀಸು."

ಗರಿಗರಿ ಕಂಬಳಿ ಒಂದನ್ನೇ ನೋಡಿದ. ಬಾಗಿಲು ಮುರಿಯಿತು, ಕಂಬಳಿ ಬಂತು, ಮುದುಕಿ ಉರುಳಿಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಟ್ಟಿದಾರಭ್ಯ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಊಟದ ಸಾಲಿನಲ್ಲಿ ಸದಾ ಕೊನೆಗೆ ನಿಲ್ಲುತ್ತಿದ್ದವನು ಬೂಟು ಟಕಟಕ ಎನಿಸುತ್ತ ಮುಂದೆ ಹೋಗಿ ನಿಂತ. ಜನ ಜಾಗ ಬಿಟ್ಟರು. ಮನೆಗೂ ಅದೇ ವೇಷದಲ್ಲಿ ಹೋಗಿ, ಕುರ್ಚಿಯಲ್ಲಿ ಕಾಲಗಲಿಸಿ ಕೂತು, "ನೀರು!" ಎಂದ.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. "ಕೊಡದಲ್ಲಿದೆ. ಕಾಲೂ ಇದೆ ನಿಮಗೆ."

ಗರಿಗರಿ ಎದ್ದು ನೀರು ಕುಡಿದ. ಆದರೆ ಕಾಲಿಗೆ ಅಡ್ಡ ಬಂದ ಅತ್ತೆಯ ಬೆಕ್ಕಿಗೆ "ಏಯ್!" ಎಂದು ಗದರಿದ. ಬೆಕ್ಕು ಮಂಚದಡಿ ಸೇರಿತು. ಅವನಿಗೆ ಒಳಗೊಳಗೇ ಹಿಗ್ಗು.

ಮರುದಿನ ಊಟಕ್ಕೆ ಬೇಯಿಸಿದ ಮೊಟ್ಟೆ ಇತ್ತು. ತನ್ನ ಪಾಲಿನದನ್ನು ತಿಂದ ಗರಿಗರಿ, ಪಕ್ಕದಲ್ಲಿ ಕೂತಿದ್ದ ಮುದುಕಿಯ ತಟ್ಟೆಯಿಂದಲೂ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಬೇಕೆಂದು ಮಾಡಿದ್ದಲ್ಲ. ಕಣ್ಣಿಗೆ ಮೊಟ್ಟೆ ಬಿತ್ತು, ಕೈ ಹೋಯಿತು.

ಮುದುಕಿ ಅತ್ತಿತ್ತ ನೋಡಿದಳು. "ಕ್ಯಾಮೆರಾ ಎಲ್ಲಿಟ್ಟಿದ್ದಾರೆ?"

"ಕ್ಯಾಮೆರಾ ಇಲ್ವಲ್ಲ ಅಜ್ಜಿ, ಊಟದ ಹೊತ್ತು."

"ಹೌದಾ," ಎಂದಳು ಮುದುಕಿ. ಅಷ್ಟೇ.

ಮೊಟ್ಟೆ ಗಂಟಲಲ್ಲಿ ನಿಂತಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅಡುಗೆಯವನು ಬಂದು ಬೆನ್ನಿಗೆ ಗುದ್ದಿದ ಮೇಲೆ ಇಳಿಯಿತು. ಇಳಿದದ್ದು ಹೊಟ್ಟೆಗೆ ಮಾತ್ರ, ಮನಸ್ಸಿನಿಂದ ಇಳಿಯಲಿಲ್ಲ. ಆ ರಾತ್ರಿ ಅವನಿಗೆ ನಿದ್ದೆಯೇ ಬರಲಿಲ್ಲ. ಬೆಳಗಾಗುತ್ತಲೇ ಎದ್ದು ತಾನೇ ಎರಡು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಜೇಬಿನಲ್ಲಿಟ್ಟುಕೊಂಡು ಗೋದಾಮಿಗೆ ಓಡಿದ.

ಅಲ್ಲಿ ಮುದುಕಿ ಆಗಲೇ ಸತ್ತಿದ್ದಳು. ಚಳಿಗೆ ಸತ್ತ ದೃಶ್ಯ. ನೆಲದ ಮೇಲೆ ಮುದುಡಿ ಮಲಗಿದ್ದಳು, ಮೈಮೇಲೆ ಹಿಟ್ಟಿನ ಹಿಮ ಉದುರುತ್ತಿತ್ತು. ಸಿಪಾಯಿಗಳು ತಿರುಗಿಯೂ ನೋಡದೆ ಅವಳನ್ನು ದಾಟಿಕೊಂಡು ಹೋಗಬೇಕು. ಗರಿಗರಿಯನ್ನು ಸಾಲಿಗೆ ತಳ್ಳಿದರು. ಎಲ್ಲರೂ ದಾಟಿದರು. ಇವನ ಕಾಲು ಏಳಲಿಲ್ಲ. ನಾಟಕವೆಂದು ಗೊತ್ತಿದ್ದೂ ಆ ಬಿಳಿ ಮುಖ ನೋಡಿ ಮಂಡಿಯೂರಿ ಕೂತು, ಜೇಬಿನಿಂದ ಎರಡೂ ಮೊಟ್ಟೆ ತೆಗೆದು ಅವಳ ಕೈಗಿಟ್ಟು, ಗೊಳೋ ಎಂದು ಅತ್ತುಬಿಟ್ಟ.

ನಿರ್ದೇಶಕ ಕಟ್ ಎನ್ನಲು ಬಾಯಿ ತೆರೆದವನು ಹಾಗೇ ನಿಂತ.

ಹೆಣ ತುಟಿ ಅಲುಗಿಸದೆ ಪಿಸುಗುಟ್ಟಿತು: "ಉಪ್ಪು ತಂದಿದ್ದೀಯೇನೋ?"

"ಇಲ್ಲ ಅಜ್ಜೀ..." ಎಂದು ಗರಿಗರಿ ಇನ್ನೂ ಜೋರಾಗಿ ಅತ್ತ.

ಸಿನಿಮಾ ಬಂದಾಗ ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಹೋದ. ಅಳುವ ದೃಶ್ಯ ಕತ್ತರಿಗೆ ಸಿಕ್ಕಿತ್ತು. ಹೆಣ ನಗುತ್ತಿರುವುದು ಕಾಣಿಸುತ್ತದಂತೆ. ಉಳಿದದ್ದು ಕಂಬಳಿ ಕಿತ್ತದ್ದೊಂದೇ. ಪರದೆಯ ಮೇಲೆ ಗೋಡೆಯಗಲದ ಅವನ ಮುಖ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ "ಥೂ ಪಾಪಿ!" ಎಂದರು. ಕತ್ತಲಲ್ಲಿ ಅತ್ತೆ ಅವನ ತೊಡೆ ಹಿಡಿದು ಸರಿಯಾಗಿ ಚಿವುಟಿದಳು.

ಹೊರಗೆ ಬಂದ ಮೇಲೂ ಅವಳು ಬಿಡಲಿಲ್ಲ. "ಆ ಮುದುಕಿಗೆ ಕಂಬಳಿ ವಾಪಸ್ ಕೊಟ್ರಾ?"

"ಅದು ಸಿನಿಮಾ, ಅತ್ತೆ."

"ಸಿನಿಮಾನೇ ಇರ್ಲಿ. ಕೊಟ್ರೋ ಇಲ್ವೋ?"

ಗರಿಗರಿ ಬೀದಿದೀಪದ ಕೆಳಗೆ ನಿಂತು ಯೋಚಿಸಿದ. ಹೆಂಡತಿಯ ಮುಖ ನೋಡಿದ. ಅವಳೂ ಉತ್ತರಕ್ಕೆ ಕಾಯುತ್ತಿದ್ದಳು.

"ಇಲ್ಲ," ಎಂದ, ತಲೆ ತಗ್ಗಿಸಿ. "ಕೊಡ್ಲಿಲ್ಲ."