ವಾಚಿನ ಪಟ್ಟಿಯ ಕೊನೆಯ ತೂತು

ಮೈ ಕೆರೆದರೆ ನಾನು ಮೊದಲು ಬೈಯುವುದು ನೀರನ್ನು. ಇದು ನನ್ನೊಬ್ಬಳ ಚಾಳಿಯಲ್ಲ, ವರ್ಗಾವಣೆಯ ನೌಕರಿಯವರೆಲ್ಲರ ಚಾಳಿ. ಸೂರತ್‌ನಲ್ಲಿ ಮಗಳಿಗೆ ನೆಗಡಿಯಾದರೆ ನೀರು, ಅಹಮದಾಬಾದಿನಲ್ಲಿ ನನ್ನ ಕೂದಲು ಉದುರಿದರೆ ನೀರು, ವಡೋದರಾದಲ್ಲಿ ಬೇಳೆ ಬೇಯದಿದ್ದರೂ ನೀರು. ಬೇಳೆಯ ವಿಷಯದಲ್ಲಿ ಮಾತ್ರ ನಾವು ಹೇಳಿದ್ದು ನಿಜವಿರಬೇಕು. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದರು. ಹೊಸ ಊರಿಗೆ ಹೋದಾಗ ಬ್ರಾಂಚು ಹೇಗಿದೆಯೆಂದು ನೋಡುವ ಮೊದಲು ನನ್ನಿಂದ ತೊಗರಿಬೇಳೆ ಬೇಯಲು ಹಾಕಿಸಿ, ಒಲೆಯ ಮುಂದೆ ಕೈಯ ವಾಚು ನೋಡಿಕೊಂಡು ನಿಲ್ಲುತ್ತಿದ್ದರು. ಕೊನೆಗೆ "ಈ ನೀರು ನಮಗೆ ಒಗ್ಗಲ್ಲ ಕಣೇ" ಎನ್ನುತ್ತಿದ್ದರು. ಒಗ್ಗಿತು. ನಿವೃತ್ತಿಯಾದ ಮೇಲೆ ದಾವಣಗೆರೆಗೆ ಹಿಂತಿರುಗದೆ ವಡೋದರಾದ ಗೋರ್ವಾದಲ್ಲೇ ಮನೆ ಮಾಡಿದೆವು.

ಇವರು ಹೋಗಿ ಎರಡು ವರ್ಷವಾಯಿತು. ಬಳೆ ತೆಗೆಯೆಂದು ನನಗೆ ಯಾರೂ ಹೇಳಲಿಲ್ಲ, ಈಗ ಯಾರು ಹೇಳುತ್ತಾರೆ? ನಾನೇ ತೆಗೆದೆ, ಸದ್ದು ಬೇಡವೆನಿಸಿತು. ಆಮೇಲೆ ಬೋಳು ಕೈ ನೋಡಲಾಗದೆ ಇವರ ವಾಚು ಕಟ್ಟಿಕೊಂಡೆ. ವಾಚಿನ ಅಡಿಯಿಂದ ಹಾಯುವ ಕಂದು ಚರ್ಮದ ಒಂದೇ ಪಟ್ಟಿ, ಬಿಳಿ ಲೋಹದ ಬಕಲ್. ಗಂಡಸರ ವಾಚು ನನ್ನ ಕೈಗೆ ಸರಿಹೊಂದಿದ್ದಕ್ಕೆ ಕಾರಣವಿದೆ. ಕಾಯಿಲೆ ಬಿದ್ದ ಮೇಲೆ ಇವರ ಮಣಿಕಟ್ಟು ಕರಗುತ್ತ ಬಂತು. ಆಸ್ಪತ್ರೆಯಲ್ಲೂ ವಾಚು ಬಿಡದ ಮನುಷ್ಯ! ಪಟ್ಟಿಯ ತೂತುಗಳೆಲ್ಲ ಮುಗಿದವು. ನಾನು ದಬ್ಬಳ ಕಾಯಿಸಿ ಹೊಸ ತೂತು ಮಾಡಿದೆ, ಕೆಲವು ವಾರ ಕಳೆದು ಮತ್ತೊಂದು. ಅದನ್ನು ಮಾಡುವಾಗ ಇವರು ಕೈ ಚಾಚಿಕೊಂಡು, "ಇದೇ ಕೊನೇದು ಕಣೇ. ಇನ್ನು ತೂತು ಮಾಡೋಕೆ ಪಟ್ಟೀನೇ ಇಲ್ಲ" ಎಂದು ನಕ್ಕರು. ನಾನೂ ನಕ್ಕೆ. ಆ ಕೊನೆಯ ತೂತು ನನ್ನ ಕೈಗೆ ಅಳತೆ ತೆಗೆದು ಮಾಡಿದ ಹಾಗಿದೆ.

ಕಳೆದ ಬೇಸಿಗೆಯಲ್ಲಿ ಮಣಿಕಟ್ಟು ಕೆರೆಯತೊಡಗಿತು. ಮೊದಲು ಕೆಂಪಾಯಿತು, ಆಮೇಲೆ ಸಣ್ಣ ಗುಳ್ಳೆಗಳೆದ್ದವು, ಕೊನೆಗೆ ನೀರೊಸರಿತು. ದಾವಣಗೆರೆಯಿಂದ ತಂಗಿ ಫೋನಿನಲ್ಲಿ, "ನೀರು ಕಣಕ್ಕ, ಇನ್ನೇನು? ಸುಮ್ನೆ ಇಲ್ಲಿಗೆ ಬಂದ್ಬಿಡು" ಎಂದಳು. ಪಕ್ಕದ ಮನೆಯ ಹಂಸಾಬೆನ್ ಒಂದು ಹಿಡಿ ಬೇವಿನ ಸೊಪ್ಪು ತಂದು, "ಲೀಮ್ಡೋ ಲಗಾವೋ, ಬೆನ್" ಎಂದರು. ಹಚ್ಚಿದೆ. ವಾಚು ಬಿಚ್ಚಿ ಬೇವು ಹಚ್ಚುವುದು, ಒಣಗಿದ ಮೇಲೆ ಮತ್ತೆ ಅದೇ ವಾಚು ಕಟ್ಟುವುದು! ಎಮ್ಮೆ ಓದಿದವಳ ಬುದ್ಧಿ ಇಷ್ಟು.

ಮಗಳು ಸ್ಮಿತಾ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿದ್ದಾಳೆ. ನೋಡಿದವಳೇ ನವರಂಗಪುರದ ಚರ್ಮದ ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದಳು. ಅವರು ಮೈಗೆ ಯಾವುದು ಒಗ್ಗುವುದಿಲ್ಲವೆಂದು ತಿಳಿಯಲು ನನ್ನ ಬೆನ್ನಿನ ಮೇಲೆ ಸಾಲಾಗಿ ಮದ್ದಿನ ಪುಟ್ಟ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಸ್ನಾನ ಬೇಡವೆಂದರು. ಜ್ವರದಲ್ಲೂ ತಲೆಗೆ ನೀರು ಹಾಕಿಕೊಳ್ಳುವ ನಾನು ಆ ಎರಡು ದಿನ ಮಗಳ ದೇವರ ಕಪಾಟಿನಿಂದ ದೂರ ಕೂತು, ದೇವರಿಗೂ ಒಂದು ರಜೆ ಸಿಕ್ಕಿತು ಎಂದುಕೊಂಡೆ. ಪಟ್ಟಿ ಕಿತ್ತ ಮೇಲೆ ಎರಡು ಕಡೆ ಕೆಂಪಗೆ ಊದಿತ್ತು. ಒಂದು ನಿಕ್ಕಲ್, ಅದು ಬಕಲ್‌ನಲ್ಲಿದೆ. ಇನ್ನೊಂದು ಕ್ರೋಮಿಯಂ, ಅದು ವಾಚಿನ ಪಟ್ಟಿಯ ಚರ್ಮದಲ್ಲೇ ಇದೆ ಎಂದರು.

ಚರ್ಮದಲ್ಲಿ ಲೋಹ ಹೇಗೆ ಬಂತು ಎಂದು ನಾನು ಕೇಳಿದ್ದಕ್ಕೆ ಅವರು ವಿವರಿಸಿದರು. ಹಿಂದೆ ಮರದ ತೊಗಟೆಯ ರಸದಲ್ಲಿ ನೆನೆಸಿ ಚರ್ಮ ಹದ ಮಾಡುತ್ತಿದ್ದರು. ಈಗ ಹೆಚ್ಚಿನದನ್ನು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡುತ್ತಾರೆ, ಬೇಗ ಮೆತ್ತಗಾಗುತ್ತದೆ, ಕೊಳೆಯುವುದಿಲ್ಲ. ನಮ್ಮ ಬೆವರು ಆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆಯುತ್ತದಂತೆ. ಸತ್ತ ಚರ್ಮವನ್ನು ಕಾಪಾಡುವ ಉಪ್ಪು ಬದುಕಿರುವ ಚರ್ಮವನ್ನು ಸುಡುತ್ತದೆ ಎಂಬುದು ನನಗೆ ವಿಚಿತ್ರವಾಗಿ ಕಂಡಿತು. ಇಷ್ಟು ವರ್ಷ ಇಲ್ಲದ್ದು ಈಗೇಕೆ ಎಂದದ್ದಕ್ಕೆ, ಒಗ್ಗಿದ್ದು ಒಂದು ದಿನ ಒಗ್ಗದೆ ಹೋಗುವುದುಂಟು, ಹಾಗೆ ತಿರುಗಿಬಿದ್ದ ಮೈ ಮತ್ತೆ ರಾಜಿಯಾಗುವುದು ಕಷ್ಟ ಎಂದರು.

ಮನೆಗೆ ಬಂದು ಚಪ್ಪಲಿ, ಕೈಚೀಲ, ಪರ್ಸು ಎಲ್ಲವನ್ನೂ ಹಂಸಾಬೆನ್ ಮನೆಗೆ ದಾಟಿಸಿದೆ. ಒಂದಕ್ಕೂ ಹೊಟ್ಟೆ ಉರಿಯಲಿಲ್ಲ. ಪಟ್ಟಿಯ ಸರದಿ ಬಂದಾಗ ಕೈ ಏಳಲಿಲ್ಲ. ಸೂರತ್‌ನಲ್ಲಿ ಹುಟ್ಟಿ ಕನ್ನಡವನ್ನು ಮನೆಯಲ್ಲಷ್ಟೇ ಕಲಿತ ಸ್ಮಿತಾ ಸಮಾಧಾನ ಮಾಡಿದಳು: "ಅಮ್ಮ, ಸ್ಟ್ರ್ಯಾಪ್ ಒಂದೇ ಬದ್ಲಿ ಮಾಡೋಣ ನಾ. ವಾಚ್ ತೋ ಅಪ್ಪಂದೇ ಇರತ್ತೆ." ಪಾಪ, ಅವಳು ಹೇಳಿದ್ದು ಸರಿಯೇ. ಆದರೆ ವಾಚು ಅಂಗಡಿಯಿಂದ ಬಂದದ್ದು. ಇವರು ದಪ್ಪಗಿದ್ದಾಗಿನ ಗೆರೆ, ಸೊರಗಿದಾಗಿನ ಗೆರೆ, ನಾನು ಸುಟ್ಟು ಮಾಡಿದ ತೂತು, ಇವೆಲ್ಲ ಇರುವುದು ಪಟ್ಟಿಯಲ್ಲಿ. ಅದನ್ನು ಅವಳಿಗೆ ಹೇಳಲು ಹೋಗಿ ಅತ್ತುಬಿಟ್ಟೆ.

ಈಗ ವಾಚಿಗೆ ಬಟ್ಟೆಯ ಪಟ್ಟಿಯಿದೆ. ಅದಕ್ಕೆ ತೂತೇ ಇಲ್ಲ, ಒತ್ತಿದರೆ ಅಂಟಿಕೊಳ್ಳುತ್ತದೆ, ಯಾರ ಕೈಗಾದರೂ ಆಗುತ್ತದೆ. ಕೈ ವಾಸಿಯಾಯಿತು. ಕಲೆಯೂ ಮಾಸುತ್ತಿದೆಯೆಂದು ಹಂಸಾಬೆನ್ ಸಂತೋಷಪಟ್ಟರು. ನನಗೆ ಸಂತೋಷವಾಗಲಿಲ್ಲ. ಕಲೆ ಹೋದ ಜಾಗವನ್ನು ನೋಡಿದರೆ ಇವರು ಇನ್ನೊಮ್ಮೆ ಹೋದ ಹಾಗೆ ಸಂಕಟವಾಗುತ್ತದೆ.

ಹಳೆಯ ಪಟ್ಟಿ ಇವರ ಕನ್ನಡಕದ ಡಬ್ಬಿಯಲ್ಲಿದೆ. ಡಾಕ್ಟರಮ್ಮನಿಗೂ ಸ್ಮಿತಾಳಿಗೂ ಹೇಳಬೇಡಿ, ಒಮ್ಮೊಮ್ಮೆ ಬೆಳಿಗ್ಗೆ ಬೇಳೆ ಒಲೆಗಿಟ್ಟು ಅದನ್ನು ಬರಿಯ ಕೈಗೆ ಕಟ್ಟಿಕೊಳ್ಳುತ್ತೇನೆ, ಕೊನೆಯ ತೂತಿಗೆ. ಬೇಳೆ ಬೆಂದ ಕೂಡಲೇ ಬಿಚ್ಚಿಡಬೇಕೆಂದು ನಿಯಮ ಮಾಡಿಕೊಂಡಿದ್ದೇನೆ. ಒಬ್ಬಳಿಗೆ ಕುಕ್ಕರ್ ಯಾಕೆಂದು ಪಾತ್ರೆಯಲ್ಲೇ ಬೇಯಿಸುತ್ತೇನೆ. ಒಲೆಯ ಮುಂದೆ, ಇವರು ನಿಲ್ಲುತ್ತಿದ್ದ ಹಾಗೆಯೇ ನಿಂತಿರುತ್ತೇನೆ. ಗೋರ್ವಾದ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಈ ನೀರಿನ ಮೇಲೆ ನನಗೀಗ ಯಾವ ದೂರೂ ಇಲ್ಲ.