ಎರಚಲು

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಂದುಗೆಂಪಾಗಿರುತ್ತಿತ್ತು. ಗೋರಂಟಿಯ ಬಣ್ಣವಲ್ಲ ಅದು. ಕುರಿಗಳ ಕಿವಿಯ ಹಿಂದೆ ಕಚ್ಚಿಕೊಂಡ ಉಣ್ಣಿಹುಳುಗಳನ್ನು ಕಿತ್ತು, ಜಗಲಿಕಲ್ಲಿನ ಮೇಲಿಟ್ಟು ಆ ಉಗುರಿನಲ್ಲೇ ಒತ್ತಿಬಿಡುತ್ತಿದ್ದರು. ಒಂದೊಂದಕ್ಕೂ ಒಂದು ಬೈಗುಳ. "ನನ್ ಕೂಸಿನ ರಕ್ತ ಕುಡ್ದು ಗುಂಡುಗುಂಡಾಗಿದೀಯಾ? ಬಾ ಇಲ್ಲಿ." ಕೆಲಸ ಮುಗಿದರೆ ಕೈಯನ್ನು ಸೀರೆಗೆ ಒರೆಸಿಕೊಂಡು, ಅದೇ ಕೈಯಲ್ಲಿ ನನ್ನ ಮಗಳ ಬಾಯಿಗೆ ಕಡಲೆಮಿಠಾಯಿ ಇಡುವರು. ನಾನು ಮುಖ ಸಿಂಡರಿಸಿದರೆ, "ನಿನ್ ಗಂಡನ್ನೂ ಈ ಕೈಯೇ ಸಾಕಿದ್ದು, ಏನಾಗೈತೆ ಅವ್ನಿಗೆ?" ಎನ್ನುವರು.

ಅವರು ಸಂಬಂಧದಲ್ಲಿ ನನಗೆ ಅತ್ತೆಯಲ್ಲ, ಪಕ್ಕದ ಮನೆಯವರು. ತಮಿಳುನಾಡಿನಲ್ಲಿ ಮೇಚೇರಿಯಿಂದ ನಂಗವಳ್ಳಿಗೆ ಹೋಗುವ ದಾರಿಯ ನಮ್ಮ ಊರಿಗೆ ನಾನು ಸೊಸೆಯಾಗಿ ಬರುವ ಹೊತ್ತಿಗೆ ಗಂಡನ ತಾಯಿ ಇರಲಿಲ್ಲ. ರಾಗಿಮುದ್ದೆ ಗಂಟಾಗದಂತೆ ತಿರುವುವುದನ್ನು, ಬಾಣಂತನದಲ್ಲಿ ಸೊಂಟಕ್ಕೆ ಬಟ್ಟೆ ಕಟ್ಟುವುದನ್ನು ಹೇಳಿಕೊಟ್ಟವರು ಇವರು. ನನಗೆ ಎದೆಹಾಲು ಸಾಲದೆ ಹೋದಾಗ ಹೊತ್ತುಹೊತ್ತಿಗೆ ಮೇಕೆಯ ಹಾಲು ಕಾಯಿಸಿ ತಂದರು. ಸಂಜೆ ದೀಪ ಹಚ್ಚುವಾಗ ನಮ್ಮ ದೇವರು ತಿಮ್ಮಪ್ಪ ನನಗೆ ಕೊಟ್ಟ ಸಣ್ಣಪುಟ್ಟ ಒಳ್ಳೆಯದನ್ನೆಲ್ಲ ಬೆರಳಲ್ಲಿ ಎಣಿಸುವುದು ನನ್ನ ರೂಢಿ. ಬಹಳ ವರ್ಷ ಮೊದಲ ಬೆರಳು ಅತ್ತೆಯದೇ ಆಗಿತ್ತು.

ಅವರು ಹುಟ್ಟಿದ್ದು ಹೊಳೆಯಾಚೆ, ಮಾದೇಶ್ವರನ ಬೆಟ್ಟದ ಕಡೆ. ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡದವರೇ ಆದ್ದರಿಂದ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಅವರಿಗೆ ತಮಿಳು ಸರಿಯಾಗಿ ಬರಲಿಲ್ಲ. ಕಿವಿಗೆ ಬಿದ್ದ ತಮಿಳು ಅವರೊಳಗೆ ಕನ್ನಡವಾಗಿಬಿಡುತ್ತಿತ್ತು. ಒಮ್ಮೆ ಸಂತೆಯಿಂದ ಬರುವಾಗ ಕಂಕುಳಲ್ಲಿ ಮರಿಯೊಂದನ್ನು ಹಿಡಿದು ಬಸ್ಸು ಹತ್ತಿದರು. ಕಂಡಕ್ಟರ್ ಅಡ್ಡ ನಿಂತು, "ಇಡಂ ಇಲ್ಲೆ, ಇಡಂ ಇಲ್ಲೆ" ಎಂದ. ಜಾಗವಿಲ್ಲ ಎಂದು ಅವನ ಮಾತು. ಅತ್ತೆ "ಆಯ್ತಪ್ಪ" ಎಂದು ಮರಿಯನ್ನು ಅವನ ಕಾಲ ಬುಡದಲ್ಲೇ ಇಟ್ಟು, ಪಕ್ಕದಲ್ಲಿ ತಾವೂ ಕೂತರು. ಬಸ್ಸೆಲ್ಲ ನಕ್ಕಿತು, ಕೊನೆಗೆ ಕಂಡಕ್ಟರೂ ನಕ್ಕ. ನನಗಂತೂ ಕಣ್ಣಲ್ಲಿ ನೀರು ಬಂದಿತ್ತು.

"ಯಾಕವ್ವ ಇಂಗೆ ನಗ್ತೀಯಾ? ಇಡಮ್ಮ ಇಲ್ಲೇ ಅಂದ, ಇಟ್ಟೆ. ಒಳ್ಳೆ ಮಗ."

ಅಂದಿನಿಂದ ಅವರ ತಮಿಳಿಗೆ ನಗುವುದು ನಮ್ಮ ಮನೆಯ ಅಭ್ಯಾಸವಾಯಿತು.

ಹೋದ ಪುರಟಾಸಿಯಲ್ಲಿ, ತಿಮ್ಮಪ್ಪನಿಗೆ ಮೀಸಲಾದ ತಮಿಳು ತಿಂಗಳಲ್ಲಿ, ಎರಡು ದಿನ ಬಿಡದೆ ಮಳೆ ಬಂತು. ಮೂರನೆಯ ದಿನ ಶನಿವಾರ. ನಾನು ತಲೆಗೆ ನೀರು ಹಾಕಿಕೊಂಡು ತಿಮ್ಮಪ್ಪನ ಪೂಜೆಗೆ ತುಳಸಿ ಕೀಳುತ್ತಿದ್ದೆ. ಪಕ್ಕದ ಹಿತ್ತಲಲ್ಲಿ ಕೊಬ್ಬಿದ ಹೆಣ್ಣುಕುರಿಯೊಂದು ಸತ್ತು ಬಿದ್ದಿತ್ತು. ಹಿಂದಿನ ಸಂಜೆ ಚೆನ್ನಾಗಿ ಮೇದು ಬಂದ ಕುರಿ. ಮೂಗಿನಿಂದ ಕಪ್ಪು ರಕ್ತ ಇಳಿಯುತ್ತಿತ್ತು, ಹೆಪ್ಪುಗಟ್ಟಿರಲಿಲ್ಲ.

"ಆವು ಮುಟ್ಟೈತೆ," ಎಂದರು ಅತ್ತೆ. ಹಾವು ಕಚ್ಚಿದೆ ಎಂದು ಅವರ ಲೆಕ್ಕ. ಕತ್ತಿ ಮಸೆಯುತ್ತಿದ್ದರು. ನಮ್ಮ ಕಡೆಯ ಕುರಿಯ ತೊಗಲಿಗೆ ಹೆಸರಿದೆ, ಅದನ್ನು ಮಣ್ಣಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ತೊಗಲು ಸುಲಿಯುವಾಗ ಕಾಲು ಹಿಡಿದುಕೊಳ್ಳುವುದು ಯಾವತ್ತೂ ನನ್ನ ಕೆಲಸ. ಸೆರಗು ಸಿಕ್ಕಿಸಿಕೊಂಡು ಹೋದೆ.

"ಏಯ್, ನೀನು ಒಂದೊತ್ತಿರೋಳು. ಮುಟ್ಬ್ಯಾಡ, ಓಗತ್ಲಾಗೆ. ನನ್ಗೇನು, ನಾನು ಯಾವ್ ದೇವ್ರಿಗೂ ಒತ್ತು ಬಿಟ್ಟೋಳಲ್ಲ."

ನಾನು ಹಿಂದೆ ಸರಿದೆ. ಪುರಟಾಸಿಯಾದ್ದರಿಂದ ಬೀದಿಯಲ್ಲಿ ಯಾರೂ ಮಾಂಸ ಮುಟ್ಟುವಂತಿರಲಿಲ್ಲ, ಅದನ್ನು ಹೂತರು. ಬೇರೆ ತಿಂಗಳಾಗಿದ್ದರೆ ಮನೆಮನೆಗೂ ಹಂಚಿಬಿಡುತ್ತಿದ್ದರು. ಇದನ್ನೂ ಬೆರಳಲ್ಲಿ ಎಣಿಸಿದ್ದೇನೆ, ಎಣಿಸದೆ ಏನು ಮಾಡಲಿ.

ಮೂರು ದಿನ ಕಳೆದು ಅತ್ತೆಯ ಮೊಣಕೈ ಕೆಳಗೆ ಒಂದು ಕೆಂಪು ಗುಳ್ಳೆ ಎದ್ದಿತು. ಮರುದಿನ ಸುತ್ತಲೂ ನೀರುಗುಳ್ಳೆಗಳು, ನಡುವೆ ಹುಣ್ಣು. ಸರ್ಪಸುತ್ತಿರಬೇಕು ಎಂದೆ ನಾನು. ತಮಿಳಿನವರು ಅದನ್ನು ಅಕ್ಕಿ ಎನ್ನುತ್ತಾರೆ, ಕುಂಬಾರರ ಮನೆಯಲ್ಲಿ ಅದರ ಮೇಲೆ ಕಾವಿಮಣ್ಣಿನಿಂದ ಸಿಂಹ ಬರೆಸುತ್ತಾರೆ. ನಂಗವಳ್ಳಿಯಲ್ಲಿ ಬರೆಯುವ ಒಬ್ಬ ಹೆಂಗಸಿದ್ದರು. ಕರೆದುಕೊಂಡು ಹೋದವಳು ನಾನೇ. ಅತ್ತೆಗೆ ದಾರಿಯುದ್ದಕ್ಕೂ ತಮಾಷೆ. "ಅಕ್ಕಿ ಅಂತೆ. ಬೇಯ್ಸಿ ಉಣ್ಣೋ ಅಕ್ಕಿ ಕಂಡಿದ್ದೆ, ಕೈಮ್ಯಾಲೆ ಬೆಳ್ಯೋ ಅಕ್ಕಿ ಇವತ್ತೇ ಕಂಡಿದ್ದು."

ನಾವು ಆ ಮನೆಯ ಜಗಲಿಯಲ್ಲಿ ಕೂತಾಗ ಜೋರು ಮಳೆ ಹಿಡಿಯಿತು. ಕುಂಬಾರಗಿತ್ತಿ ಕಾವಿ ಕಲಸುತ್ತ ಹುಣ್ಣನ್ನು ನೋಡಿದರು, ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ, "ಎರಿಚ್ಚಲ್ ಇರುಕ್ಕಾಮ್ಮಾ?" ಎಂದು ಕೇಳಿದರು. ಉರಿ ಇದೆಯಾ ಎಂದು ಅರ್ಥ. ಸರ್ಪಸುತ್ತಾದರೆ ಬೆಂಕಿ ಇಟ್ಟಂತೆ ಉರಿಯುತ್ತದೆ, ಉರಿಯದಿದ್ದರೆ ಅವರು ಬರೆಯುವುದಿಲ್ಲ.

ಅತ್ತೆ ಮಳೆಯ ಕಡೆ ನೋಡಿ, ಕಾಲುಗಳನ್ನು ಒಳಗೆಳೆದುಕೊಂಡರು. "ಐತವ್ವ, ಎರಚ್ಲು ಜಾಸ್ತಿನೇ ಐತೆ."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಜಾಸ್ತಿ ಎಂಬುದು ತಮಿಳರಿಗೂ ತಿಳಿಯುವ ಮಾತು. ಆ ಹೆಂಗಸು ತಲೆಯಾಡಿಸಿ ಕಡ್ಡಿಯನ್ನು ಕಾವಿಯಲ್ಲಿ ಅದ್ದಿದರು. ಕೇಳಿದ್ದು ಎರಚಲಲ್ಲ, ಉರಿ ಎಂದು ತಿದ್ದುವುದಕ್ಕೆ ಒಂದು ಮಾತು ಸಾಕಿತ್ತು. ಮನೆಗೆ ಹೋಗಿ ಗಂಡನಿಗೆ ಹೇಳಿ ಇನ್ನೊಮ್ಮೆ ನಗಬೇಕು ಎಂದುಕೊಂಡೆನೇ ಹೊರತು, ಆ ಮಾತು ನನ್ನ ಬಾಯಿಂದ ಬರಲಿಲ್ಲ. ಅತ್ತೆಗೆ ಉರಿಯೂ ಇರಲಿಲ್ಲ, ನೋವೂ ಇರಲಿಲ್ಲ. ದಾರಿಯಲ್ಲೇ ಹೇಳಿದ್ದರು.

ಬರೆಸಿದ ಮೇಲೆ ಮೂರು ದಿನ ನೀರು ಸೋಕಿಸಬಾರದು. ಅತ್ತೆ ಸಿಂಹವನ್ನು ಜೋಪಾನ ಮಾಡಿದರು. ಕಾವಿಯ ಕೆಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣಲಿಲ್ಲ. ಮೂರನೆಯ ದಿನ ಕೈ ಭುಜದವರೆಗೆ ಊದಿಕೊಂಡು ಜ್ವರದಲ್ಲಿ ಮೈ ನಡುಗುತ್ತಿತ್ತು. ಆಂಬುಲೆನ್ಸಿನಲ್ಲಿ ಸೇಲಂ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಹತ್ತಿಯಿಂದ ಕಾವಿ ಒರೆಸಿದರು. ಕೆಳಗೆ ಇದ್ದಿಲಿನಂಥ ಕಪ್ಪು ಹಕ್ಕಳೆ.

"ವಲಿ ಇರುಂದುದಾ?" ನೋವಿತ್ತಾ ಎಂದು ಕೇಳಿದರು.

ಈ ಸಲ ನಾನೇ ಕನ್ನಡದಲ್ಲಿ ಕೇಳಿದೆ, ನಾನೇ ತಮಿಳಿನಲ್ಲಿ ಉತ್ತರ ಹೇಳಿದೆ. ನೋವಿಲ್ಲ, ಉರಿಯೂ ಇಲ್ಲ. ಡಾಕ್ಟರಮ್ಮ ತಕ್ಷಣ ತಲೆಯೆತ್ತಿ, ಮನೆಯಲ್ಲಿ ಆಡು ಕುರಿ ಏನಾದರೂ ಸತ್ತಿತ್ತಾ ಎಂದರು. ಇದು ಆಂಥ್ರಾಕ್ಸ್, ಸತ್ತ ಕುರಿಯಿಂದ ಕೈಗೆ ಹತ್ತಿದ್ದು, ಮೊದಲೇ ಬಂದಿದ್ದರೆ ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು ಎಂದು ಬಿಡಿಸಿ ಹೇಳಿದರು. ನಾನು ಅತ್ತೆಗೆ ಅರ್ಧ ಹೇಳಿದೆ. ಅವರು ನನ್ನ ಕೈಗಳನ್ನೇ ನೋಡುತ್ತ, "ನೀನು ಮುಟ್ಟಿಲ್ಲ ತಾನೇ?" ಎಂದರು.

ಎರಡನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು. ರೋಗ ಹತ್ತೀತೆಂದು ಆಸ್ಪತ್ರೆಯವರು ಮೈಗೆ ನೀರು ಹಾಕಲು ಬಿಡಲಿಲ್ಲ, ಸುತ್ತಿ ಕೊಟ್ಟರು. ಎಷ್ಟೋ ಹೆರಿಗೆಗಳಲ್ಲಿ ಬೇರೆಯವರಿಗೆ ನೀರು ಹಾಕಿದ ಹೆಂಗಸಿಗೆ ಕೊನೆಯ ನೀರಿಲ್ಲ. ಊರಿಗೆ ದನದ ಡಾಕ್ಟರರು ಬಂದು ಉಳಿದ ಕುರಿಗಳಿಗೆಲ್ಲ ಸೂಜಿ ಹಾಕಿದರು, ಕುರಿ ಹೂತ ಜಾಗಕ್ಕೆ ಸುಣ್ಣ ಸುರಿಸಿದರು. ನಮಗೆ ಮಾತ್ರೆ ಕೊಟ್ಟರು. ಇನ್ನೊಂದು ಕುರಿಯೂ ಸಾಯಲಿಲ್ಲ, ಇನ್ನೊಬ್ಬರಿಗೂ ಬರಲಿಲ್ಲ. ತಿಮ್ಮಪ್ಪ ದೊಡ್ಡವನು ಎಂದು ಬೀದಿಯವರೆಲ್ಲ ಕೈಮುಗಿದರು. ನಾನೂ ಮುಗಿದೆ.

ಕೆಟ್ಟ ಹೆಸರೆಲ್ಲ ಕುಂಬಾರಗಿತ್ತಿಗೆ ಬಂತು. ಕಾವಿ ಬಳಿದು ಮುದುಕಿಯನ್ನು ಕೊಂದಳು ಎಂದರು. ಅವರ ಜಗಲಿಗೆ ಈಗ ಯಾರೂ ಹೋಗುವುದಿಲ್ಲ. ಆ ಮಾತು ಬಂದಾಗಲೆಲ್ಲ ನಾನು ಪಾತ್ರೆ ತೊಳೆಯಲು ಎದ್ದುಹೋಗಿದ್ದೇನೆ.

ಹೋದ ತಿಂಗಳು ಮೇಚೇರಿ ಬಸ್ ಸ್ಟ್ಯಾಂಡಿನಲ್ಲಿ ಅವರೇ ಸಿಕ್ಕಿದರು. ಬಡವಾಗಿದ್ದರು. ನನ್ನ ಕೈ ಹಿಡಿದುಕೊಂಡು, ತಾನು ಕೇಳಿದ್ದೆ, ಕೇಳದೆ ಬರೆಯಲಿಲ್ಲ ಎಂದರು. "ಅಂದ ಅಮ್ಮಾ ಎರಿಚ್ಚಲ್ ಜಾಸ್ತಿನ್ನುದಾನೇ ಸೊನ್ನಾಂಗ? ನೀಂಗ ಪಕ್ಕತ್ತುಲದಾನೇ ಇರುಂದೀಂಗ." ಆ ಅಮ್ಮ ಉರಿ ಜಾಸ್ತಿ ಅಂತಲೇ ತಾನೇ ಹೇಳಿದ್ದು, ನೀವು ಪಕ್ಕದಲ್ಲೇ ಇದ್ದಿರಲ್ಲ.

"ಆಮಾಂಗ," ಎಂದೆ. ಹೌದು, ಹಾಗೇ ಹೇಳಿದರು.

ಅವರ ಮುಖ ಎಷ್ಟೋ ಹಗುರವಾಯಿತು. ಕಣ್ಣೊರೆಸಿಕೊಂಡು ಹೋದರು. ತಪ್ಪು ಆಕೆಯಿಂದ ಇಳಿದು ಅತ್ತೆಯ ಮೇಲೆ ಹೋಯಿತು. ನನ್ನನ್ನು ಮುಟ್ಟಗೊಡದೆ ಕಾಪಾಡಿದ ಹೆಂಗಸು ಸುಳ್ಳು ಹೇಳಿ ಸತ್ತಳು ಎಂದು ನನ್ನ ಬಾಯಿಯಿಂದಲೇ ಆಯಿತು.